ಪಾಠದ ಕೈ, ಕಚೇರಿಯ ಕೈ

ನವರಾತ್ರಿ ಹತ್ತಿರವಾಯಿತೆಂದರೆ ನನ್ನ ಫೋನಿಗೆ ಎರಡೇ ಬಗೆಯ ಕರೆ. ಒಂದು ದೇವಸ್ಥಾನದ್ದು: "ಮಾಷೇ, ನಾಳೆ ಸಂಜೆ ಪಿಟೀಲಿಗೆ ಜನ ಇಲ್ಲ, ಬರ್ಲಿಕ್ಕೆ ಆಗ್ತದಾ?" ಇನ್ನೊಂದು ತಾಯಂದಿರದ್ದು: "ಮಾಷೇ, ಉಪಜಿಲ್ಲೆ ಕಲೋತ್ಸವ ಬಂತು, ಒಂದು ಕೀರ್ತನೆ ಬೇಗ ಕೂರಿಸಿ ಕೊಡ್ಬೇಕಿತ್ತು." ಕಾಸರಗೋಡಿನಲ್ಲಿ ಪಿಟೀಲು ನಂಬಿದವನು ಎರಡನ್ನೂ ಬಿಡುವ ಹಾಗಿಲ್ಲ. ಸಂಗೀತ ಕಚೇರಿಯಿಂದ ಹೆಸರು, ಪಾಠದಿಂದ ಅಕ್ಕಿ.

ವೀಣೆ ಶೇಷಣ್ಣನವರಿಗೆ (1852–1926) ಮೈಸೂರು ಅರಮನೆಯ ಆಸರೆ ಇತ್ತು. ಅವರ ಶಿಷ್ಯಪರಂಪರೆಯ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಕಾಲಕ್ಕೆ ಆಕಾಶವಾಣಿ ಬಂದಿತ್ತು. ಅವರು ಬೆಂಗಳೂರು ನಿಲಯದಲ್ಲಿ ಕೆಲಸ ಮಾಡಿದವರು. ಇಬ್ಬರೂ ಶಿಷ್ಯರನ್ನು ತಯಾರು ಮಾಡಿದರು, ಆದರೆ ತಿಂಗಳ ಖರ್ಚು ಶಿಷ್ಯರ ಫೀಸಿನ ಮೇಲೆ ನಿಂತಿರಲಿಲ್ಲ. ನಮ್ಮ ಕಾಲದಲ್ಲಿ ಅರಮನೆ ಇಲ್ಲ, ಆಕಾಶವಾಣಿಯಲ್ಲಿ ಹೊಸ ನೇಮಕವೂ ಅಪರೂಪ. ಮಂಗಳೂರಿಗೆ ಹೋಗಿ ಆಡಿಷನ್ ಕೊಟ್ಟು ಬಿ, ಬಿ ಹೈ ಎಂದು ಗ್ರೇಡ್ ಪಡೆದರೆ ಆಮಂತ್ರಣ ಪತ್ರಿಕೆಯಲ್ಲಿ ಹಾಕಿಕೊಳ್ಳಬಹುದು. ಮನೆ ನಡೆಸಲಿಕ್ಕೆ ಸಾಲದು. ಹಾಗಾಗಿ ನಮಗೆ ಅರಮನೆ ಎಂದರೆ ಸಂಜೆ ನಾಲ್ಕೂವರೆಗೆ ಶಾಲೆಯ ಚೀಲದೊಂದಿಗೆ ಬರುವ ಮಕ್ಕಳು.

ಕಷ್ಟ ಇರುವುದು ದುಡ್ಡಿನಲ್ಲಲ್ಲ, ಕೈಯಲ್ಲಿ. ಮಗುವಿಗೆ ನುಡಿಸಿ ತೋರಿಸುವಾಗ ಸ್ವರವನ್ನು ಬಿಡಿಸಿ, ನಿಧಾನವಾಗಿ, ಗಮಕವಿಲ್ಲದೆ, ಎಂದರೆ ಸ್ವರವನ್ನು ತೂಗಿಸದೆ ನುಡಿಸಬೇಕು. ಮಾಯಾಮಾಳವಗೌಳ ರಾಗದ ಸರಳೆ ವರಸೆ, ಮಲಹರಿ ರಾಗದ ಪಿಳ್ಳಾರಿ ಗೀತೆ, ಹೀಗೆ ಮೊದಮೊದಲ ಪಾಠಗಳು, ಅದನ್ನೇ ದಿನಕ್ಕೆ ಎಂಟು ಹತ್ತು ಸಲ. ಬೆರಳು ಮೊದಲ ಸ್ಥಾನ ಬಿಟ್ಟು ಕದಲುವುದಿಲ್ಲ, ಕಮಾನು ಒಂದೇ ಅಳತೆಯಲ್ಲಿ ಹೋಗಿ ಬರುತ್ತದೆ. ಇದು ಆರು ತಿಂಗಳು ನಡೆದ ಮೇಲೆ ಒಂದು ದಿನ ತೋಡಿ ರಾಗಕ್ಕೆ ಕೈ ಹಾಕಿ ನೋಡಿ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗಬೇಕಾದದ್ದು. ನಿಮ್ಮ ಬೆರಳಿನಲ್ಲಿ ಅದು ಹಲಗೆಗೆ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ. ಪಾಠ ಹೇಳಿದ ಐದು ಗಂಟೆಯನ್ನು ಸ್ವಂತ ಸಾಧಕದ, ಎಂದರೆ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಮಾಡುವ ತಪ್ಪು. ನಾನು ನಾಲ್ಕು ವರ್ಷ ಮಾಡಿದೆ. ಒಂದು ಕಚೇರಿಯಲ್ಲಿ ಗಾಯಕರು ನನ್ನ ಸರದಿ ಬಂದಾಗ ನನ್ನ ಕಡೆ ನೋಡದೆ ಮುಂದಕ್ಕೆ ಹೋದರು. ಆವತ್ತು ಗೊತ್ತಾಯಿತು.

ಪಕ್ಕವಾದ್ಯದ ಕೆಲಸ ಬೇರೆಯದೇ. ಗಾಯಕರು ಯಾವ ರಾಗ ಎತ್ತುತ್ತಾರೆಂದು ವೇದಿಕೆ ಹತ್ತುವ ತನಕ ಗೊತ್ತಿರುವುದಿಲ್ಲ. ಆಲಾಪನೆಯ ಬೆನ್ನಿಗೆ ನೆರಳಿನ ಹಾಗೆ ಹೋಗಬೇಕು, ಕಾಲಿಗೆ ತೊಡರಬಾರದು. ಅವರು ಹತ್ತು ನಿಮಿಷ ಹಾಡಿದರೆ ನಾವು ಐದರಲ್ಲಿ ಮುಗಿಸಿ ಬಿಟ್ಟುಕೊಡಬೇಕು. ಶ್ರುತಿಯೂ ನಮ್ಮದಲ್ಲ. ಬೆಳಿಗ್ಗೆ ಗಂಡಸರ ಹಾಡಿಕೆಗೆ ತಗ್ಗಿನ ಒಂದರ ಶ್ರುತಿ, ಸಂಜೆ ಹೆಂಗಸರ ಹಾಡಿಕೆಗೆ ಎತ್ತರದ ಐದೂವರೆ ಶ್ರುತಿ. ತಂತಿ ಏರಿಸಿ ಇಳಿಸುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಮೈಕಿಲ್ಲದ ಕಾಲದಲ್ಲಿ ಹಾಡುಗಾರರ ಗಂಟಲಿಗೆ ಸರಿದೂಗಿಸಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ನಮಗೆ ಮೈಕು ಉಂಟು. ಅದು ನಾವು ತಡಕಾಡಿದ್ದನ್ನೂ ಕೇಳಿಸುತ್ತದೆ.

ಇನ್ನು ಕಲೋತ್ಸವ, ಕೇರಳದ ಶಾಲಾಮಕ್ಕಳ ಕಲಾಸ್ಪರ್ಧೆ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ಈ ಹಬ್ಬದಲ್ಲಿ ಪಿಟೀಲಿಗೂ ವೀಣೆಗೂ ಬೇರೆ ಬೇರೆ ಸ್ಪರ್ಧೆ ಇವೆ. ರಾಜ್ಯಮಟ್ಟದಲ್ಲಿ ಎ ಗ್ರೇಡ್ ಬಂದರೆ ಗ್ರೇಸ್ ಮಾರ್ಕು. 2019ರಲ್ಲಿ 60ನೆಯ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿನಲ್ಲೇ ಆಯಿತು. ಮಕ್ಕಳು ವೇದಿಕೆ ಹತ್ತಲಿ, ಒಳ್ಳೆಯದೇ. ಆದರೆ ಇನ್ನೂ ಗೀತೆಯ ಪಾಠದಲ್ಲಿರುವ ಮಗುವಿಗೆ ಸ್ಪರ್ಧೆಗೆಂದು ದೊಡ್ಡ ಕೃತಿಯೊಂದನ್ನು ಗಿಣಿಪಾಠ ಮಾಡಿಸಿದರೆ ಜನವರಿ ಕಳೆದ ಮೇಲೆ ಮತ್ತೆ ಗೀತೆಗೆ ಇಳಿಸುವುದು ಭಾರೀ ಕಷ್ಟ. ನಾನೀಗ ಒಂದು ಷರತ್ತು ಹಾಕುತ್ತೇನೆ: ಯಾವ ಪಾಠದಲ್ಲಿ ಇದ್ದಾನೋ ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನದ್ದು, ಅದಕ್ಕಿಂತ ಹೆಚ್ಚಿಲ್ಲ. ಇದನ್ನು ಕೇಳಿ ಮೂರು ಮನೆಯವರು ಬೇರೆ ಮಾಷ್ಟ್ರನ್ನು ಹುಡುಕಿಕೊಂಡರು. ಇರಲಿ.

ಗಡಿಯ ಕಡೆ ಕಲಿಸುವವನಿಗೆ ಇನ್ನೊಂದು ತಮಾಷೆ ಉಂಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಸರಕಾರ ಒಂದು ಕಡೆ, ಪರೀಕ್ಷೆ ಒಂದು ಕಡೆ. ಗ್ರೇಸ್ ಮಾರ್ಕು ಕೇರಳದ್ದು, ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ ಪರೀಕ್ಷೆಗಳು ಕರ್ನಾಟಕದ್ದು. ತರಗತಿಯಲ್ಲಿ ಮನೆಯಲ್ಲಿ ಹವ್ಯಕ ಮಾತಾಡುವ ಹುಡುಗಿ, ತುಳುವಿನ ಹುಡುಗ, ಮಲಯಾಳ ಬಿಟ್ಟು ಬೇರೆ ಅಕ್ಷರ ಓದಲಾರದ ಇನ್ನೊಬ್ಬ; ಎಲ್ಲರೂ ನುಡಿಸುವುದು ತ್ಯಾಗರಾಜರ ತೆಲುಗು. ಹಾಗಾಗಿ ನಾನು ಸ್ವರ ಬರೆಸುವುದನ್ನು ತಡಮಾಡುತ್ತೇನೆ. ಮೊದಲು ಹಾಡಬೇಕು, ಆಮೇಲೆ ನುಡಿಸಬೇಕು, ಬರೆಯುವುದು ಕೊನೆಗೆ, ಅವರವರಿಗೆ ಬರುವ ಲಿಪಿಯಲ್ಲಿ.

ಮಳೆಗಾಲದಲ್ಲಿ ಸಂಗೀತಕ್ಕಿಂತ ಹೆಚ್ಚು ಮರಗೆಲಸ. ಆಟಿಯಲ್ಲಿ ತಂತಿ ಬಿಗಿಸುವ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಮಾರ್ಚಿಗೆ ಒಣಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ ಉಜ್ಜಿದರಾಯಿತು. ಕಚ್ಚಿಕೊಂಡದ್ದನ್ನು ಬಲವಂತವಾಗಿ ತಿರುಗಿಸಿದರೆ ಮುರಿಯುತ್ತದೆ. ಹತ್ತು ಮಕ್ಕಳ ಪಿಟೀಲು ಶ್ರುತಿ ಮಾಡುವಷ್ಟರಲ್ಲಿ ಕಿವಿ ದಣಿಯುತ್ತದೆ. ದೊಡ್ಡ ಮಕ್ಕಳಿಗೆ ತಾವೇ ಶ್ರುತಿ ಮಾಡಿಕೊಳ್ಳಲು ಮೊದಲ ವರ್ಷದಲ್ಲೇ ಕಲಿಸುವುದು ಅವರಿಗಾಗಿ ಅಲ್ಲ, ನನಗಾಗಿ.

ರಾತ್ರಿ ಆನ್‌ಲೈನಿನಲ್ಲಿ ಗಲ್ಫಿನ ಮಕ್ಕಳು. ದುಬೈಯಲ್ಲಿ ಎಂಟು ಗಂಟೆ ಎಂದರೆ ಇಲ್ಲಿ ಒಂಬತ್ತೂವರೆ. ಮೀಟಿಂಗಿನ ಆ್ಯಪ್‌ಗಳು ಮಾತಿಗೆಂದು ಮಾಡಿದವು. ತಂಬೂರಿಯನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತವೆ, ಉದ್ದ ಕಮಾನನ್ನೂ ನುಂಗುತ್ತವೆ. ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಹಾಕಿಸಿದ ಮೇಲೇ ಪಾಠ. ಜೊತೆಯಾಗಿ ನುಡಿಸಲು ಆಗುವುದಿಲ್ಲ, ಸದ್ದು ತಡವಾಗಿ ಬರುತ್ತದೆ; ನಾನೊಂದು ಸಾಲು, ಅವರೊಂದು ಸಾಲು.

ಈಗ ಕಸುಬಿಗೆ ಇಳಿಯುವವರು ಕೇಳಿದರೆ ನಾನು ಹೇಳುವುದು ಎರಡು. ಫೀಸು ತಿಂಗಳ ಲೆಕ್ಕದಲ್ಲಿರಲಿ, ತರಗತಿಯ ಲೆಕ್ಕದಲ್ಲಿ ಬೇಡ. ಕಚೇರಿಗೆ ಹೋದ ದಿನದ ಪಾಠ ಆಮೇಲೆ ಕೊಡುತ್ತೇನೆಂದು ಮೊದಲೇ ಹೇಳಿರಬೇಕು. ಬೆಳಿಗ್ಗೆ ಐದರಿಂದ ಏಳು ಯಾರಿಗೂ ಪಾಠ ಕೊಡಬಾರದು, ಎಷ್ಟೇ ಬೇಕಾದವರಾಗಲಿ. ಆ ಎರಡು ಗಂಟೆಯಲ್ಲಿ ನಾನು ಮಕ್ಕಳಿಗೆ ಕಲಿಸುವ ಯಾವುದನ್ನೂ ನುಡಿಸುವುದಿಲ್ಲ. ರೇಡಿಯೋದಲ್ಲೋ ರೆಕಾರ್ಡಿಂಗಿನಲ್ಲೋ ಯಾರದಾದರೂ ಹಾಡಿಕೆ ಹಾಕಿ, ಏನು ಬರುತ್ತದೋ ಅದರ ಹಿಂದೆ ಹೋಗುತ್ತೇನೆ.

ಕಳೆದ ನವರಾತ್ರಿಗೆ ಪಾಠ ರದ್ದು ಮಾಡುವ ಬದಲು ಇಬ್ಬರು ಮಕ್ಕಳನ್ನು ಕಚೇರಿಗೇ ಕರೆದುಕೊಂಡು ಹೋಗಿ ನನ್ನ ಹಿಂದೆ ಕೂರಿಸಿದೆ. ಗಾಯಕಿ ನಾನು ಕೇಳಿಯೇ ಇರದ ದೇವರನಾಮವೊಂದನ್ನು ಎತ್ತಿಕೊಂಡರು. ಮರಳಿ ಬರುವಾಗ ಕುಂಬಳೆ ದಾಟಿದ ಮೇಲೆ ಹುಡುಗಿ ಕೇಳಿದಳು:

"ಮಾಷೇ, ಆ ಹಾಡು ನಿಮ್ಗೆ ಮೊದ್ಲೇ ಬರ್ತಿತ್ತಾ?"

"ಇಲ್ಲ."

"ಮತ್ತೆ ಹೇಗೆ ನುಡಿಸಿದ್ದು?"

"ನಾಳೆ ಬೆಳಿಗ್ಗೆ ಐದು ಗಂಟೆಗೆ ಬಂದು ಜಗಲಿಯಲ್ಲಿ ಕೂತ್ಕೋ" ಎಂದೆ. ಪಿಟೀಲು ತರಬೇಡ ಎಂದೂ ಹೇಳಿದೆ.