ಕತ್ತರಿ ಹಿಡಿಯದ ಡಾಕ್ಟರುಗಳು

1954ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ಠಾಣೆಗೆ ಅವಳಿ ಅಣ್ಣತಮ್ಮಂದಿರಿಬ್ಬರು ಬಂದು ಬೆರಳಚ್ಚು ಕೊಟ್ಟರು. ಕಳ್ಳತನ, ಹೊಡೆದಾಟ ಏನೂ ಆಗಿರಲಿಲ್ಲ. ಅವರನ್ನು ಅಲ್ಲಿಗೆ ಕಳಿಸಿದ್ದು ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ಡಾಕ್ಟರುಗಳು. ರಿಚರ್ಡ್ ಹೆರಿಕ್‌ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ರೊನಾಲ್ಡ್ ಗಟ್ಟಿಮುಟ್ಟಾಗಿದ್ದ, ತನ್ನದೊಂದನ್ನು ಕೊಡಲು ಒಪ್ಪಿದ್ದ. ಇಬ್ಬರೂ ನಿಜಕ್ಕೂ ತದ್ರೂಪಿ ಅವಳಿಗಳೇ ಅನ್ನುವುದು ಖಾತ್ರಿಯಾಗಬೇಕಿತ್ತು. ಡಿಎನ್‌ಎ ಪರೀಕ್ಷೆ ಆಗಿನ್ನೂ ಹುಟ್ಟಿರಲಿಲ್ಲ. ಠಾಣೆಯಲ್ಲಿ ಸುದ್ದಿಗಾಗಿ ಕಾಯುತ್ತಿದ್ದ ಪತ್ರಕರ್ತರ ಕಿವಿಗೆ ವಿಷಯ ಬಿದ್ದು, ಗುಟ್ಟು ಪೇಪರಿಗೆ ಹೋಯಿತು.

ಡಿಸೆಂಬರ್ 23ರಂದು ಆಪರೇಷನ್ ಆಯಿತು. ರಿಚರ್ಡ್‌ನ ಹೊಟ್ಟೆಗೆ ಬಂದ ಕಿಡ್ನಿ ಕೆಲಸ ಶುರು ಮಾಡಿತು. ಬಹಳ ದಿನ ಬಾಳಿದ ಮೊದಲ ಕಿಡ್ನಿ ಕಸಿ ಇದು. ಸರ್ಜನ್ ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ಬರಬೇಕಾದದ್ದೇ. ಆದರೆ ಅವತ್ತಿನ ತಂಡದಲ್ಲಿ ಬೇರೆ ಯಾರ‍್ಯಾರಿದ್ದರು ಅಂತ ನೋಡಿದರೆ ಕಥೆ ಜಾಸ್ತಿ ರುಚಿಯಾಗುತ್ತದೆ.

ರೋಗಿಗೆ ಅವಳಿ ಇದ್ದಾನೆ ಅನ್ನುವ ಸಂಗತಿಯ ಬೆಲೆ ಗೊತ್ತಿದ್ದವರು ಜಾನ್ ಮೆರಿಲ್. ಅವರು ಸರ್ಜನ್ ಅಲ್ಲ, ಕಿಡ್ನಿ ಕಾಯಿಲೆಗಳ ವೈದ್ಯರು, ಅಂದರೆ ನೆಫ್ರಾಲಜಿಸ್ಟ್. ಆಗಷ್ಟೇ ಬಂದಿದ್ದ ಡಯಾಲಿಸಿಸ್ ಯಂತ್ರವನ್ನು ಆ ಆಸ್ಪತ್ರೆಯಲ್ಲಿ ನಡೆಸುತ್ತಿದ್ದವರು. ರೊನಾಲ್ಡ್‌ನ ಚರ್ಮದ ತುಣುಕನ್ನು ರಿಚರ್ಡ್‌ಗೆ ಅಂಟಿಸಿ, ವಾರಗಟ್ಟಲೆ ಕಾದು, ಅದು ಕೂಡಿಕೊಂಡಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದವರು ಗುಸ್ಟಾವ್ ಡ್ಯಾಮಿನ್; ದೇಹದ ತುಣುಕುಗಳನ್ನು ಪರೀಕ್ಷಿಸಿ ರೋಗ ಗುರುತಿಸುವ ವೈದ್ಯರು, ಅಂದರೆ ಪೆಥಾಲಜಿಸ್ಟ್. ದಾನಿಯ ಕಿಡ್ನಿ ತೆಗೆದವರು ಯುರಾಲಜಿಸ್ಟ್ (ಮೂತ್ರಾಂಗಗಳ ಸರ್ಜನ್) ಹಾರ್ಟ್‌ವೆಲ್ ಹ್ಯಾರಿಸನ್. ಅವರ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ಯಾವ ಕಾಯಿಲೆಯೂ ಇಲ್ಲದ ಮನುಷ್ಯನ ಮೇಲೆ ಚಾಕು ಇಡಬೇಕಿತ್ತು, ಅವನಿಗೆ ಅದರಿಂದ ಏನೂ ಲಾಭವಿರಲಿಲ್ಲ. ಮರ್ರೆ ಪ್ಲಾಸ್ಟಿಕ್ ಸರ್ಜನ್! ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಸೈನಿಕರಿಗೆ ಬೇರೆಯವರ ಚರ್ಮ ಹೊದಿಸುವಾಗ, ಅದು ಸ್ವಲ್ಪ ದಿನ ಇದ್ದು ಉದುರಿಹೋಗುವುದನ್ನು ಕಣ್ಣಾರೆ ಕಂಡಿದ್ದರು.

ಆ ಉದುರುವಿಕೆಯಲ್ಲೇ ಇಡೀ ಸಮಸ್ಯೆ ಇತ್ತು. ರಕ್ತನಾಳಕ್ಕೆ ರಕ್ತನಾಳ ಹೊಲಿಯುವ ಕಲೆಯನ್ನು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ 1902ರ ಹೊತ್ತಿಗೇ ಕಂಡುಕೊಂಡಿದ್ದರು. ಲಿಯೋನ್ ಊರಿನ ಕಸೂತಿ ಹೆಂಗಸೊಬ್ಬರ ಹತ್ತಿರ ಸೂಜಿ ಹಿಡಿಯುವುದನ್ನು ಕಲಿತಿದ್ದರಂತೆ. ಹೊಲಿಗೆ ಗೊತ್ತಿದ್ದ ಮೇಲೆ ಮತ್ತೆ ಐವತ್ತು ವರ್ಷ ಯಾಕೆ ಬೇಕಾಯಿತು? 1933ರಲ್ಲಿ ಉಕ್ರೇನಿನ ಯೂರಿ ವೊರೊನೊಯ್ ಸತ್ತವರ ಕಿಡ್ನಿಯನ್ನು ರೋಗಿಯೊಬ್ಬರಿಗೆ ಜೋಡಿಸಿದರು. ರಕ್ತದ ಗುಂಪು ಹೊಂದುತ್ತಿರಲಿಲ್ಲ, ರೋಗಿ ಎರಡೇ ದಿನದಲ್ಲಿ ತೀರಿಹೋದರು. ದೇಹ ತನ್ನದಲ್ಲದ್ದನ್ನು ಗುರುತು ಹಿಡಿದು ಓಡಿಸುತ್ತದೆ ಅಂತ ಮೊಲಗಳಲ್ಲಿ, ಇಲಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಪೀಟರ್ ಮೆಡವಾರ್. ಅವರು ಪ್ರಾಣಿಶಾಸ್ತ್ರ ಓದಿದವರು, ಡಾಕ್ಟರೇ ಅಲ್ಲ.

ಅವಳಿ ಇಲ್ಲದವರ ಗತಿ? ಮೊದಲು ರೋಗಿಯ ಮೈಗೆಲ್ಲ ಎಕ್ಸ್‌ರೇ ಹಾಯಿಸಿ ಪ್ರತಿರೋಧ ಶಕ್ತಿಯನ್ನೇ ಕುಗ್ಗಿಸಿ ನೋಡಿದರು. ಬಹುತೇಕರು ಸೋಂಕಿಗೆ ಬಲಿಯಾದರು. ಆಮೇಲೆ ಪ್ರತಿರೋಧ ತಗ್ಗಿಸುವ ಮಾತ್ರೆಗಳು ಬಂದವು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅನ್ನುವ ಔಷಧ ವಿಜ್ಞಾನಿಗಳು ಅಜಾಥಯೋಪ್ರಿನ್ ತಯಾರಿಸಿದರು. ಬ್ರಿಟಿಷ್ ಸರ್ಜನ್ ರಾಯ್ ಕ್ಯಾನ್ ಆ ಬಗೆಯ ಔಷಧಗಳನ್ನು ನಾಯಿಗಳಲ್ಲಿ ಪ್ರಯೋಗಿಸಿದರು. 1963ರಲ್ಲಿ ಡೆನ್ವರ್‌ನ ಥಾಮಸ್ ಸ್ಟಾರ್ಜಲ್ ಅಜಾಥಯೋಪ್ರಿನ್ ಜೊತೆಗೆ ಸ್ಟೀರಾಯ್ಡ್ ಸೇರಿಸಿ, ಶುರುವಾದ ನಿರಾಕರಣೆಯನ್ನೂ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದನ್ನೂ) ಹಿಂದಕ್ಕೆ ತಿರುಗಿಸಬಹುದು ಅಂತ ತೋರಿಸಿದರು. ನಂತರ ನಾರ್ವೆಯ ಮಣ್ಣಿನ ಬೂಸ್ಟಿನಿಂದ ಸೈಕ್ಲೋಸ್ಪೋರಿನ್, ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಬಂದವು.

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಕೆಲವರಲ್ಲಿ ಹೊಸ ಕಿಡ್ನಿ ಆಪರೇಷನ್ ಮೇಜಿನ ಮೇಲೆಯೇ ನೀಲಿಗಟ್ಟಿ ಸಾಯುತ್ತಿತ್ತು. ಇದನ್ನು ಬಿಡಿಸಿದ ಪಾಲ್ ತೆರಾಸಾಕಿ ರೋಗಿಯ ಹಾಸಿಗೆಯ ಹತ್ತಿರ ಹೋಗದ ಲ್ಯಾಬಿನ ಮನುಷ್ಯ. ಜಪಾನಿ ಮೂಲದ ಅಮೆರಿಕನ್. ಯುದ್ಧಕಾಲದಲ್ಲಿ ಹುಡುಗನಾಗಿದ್ದಾಗ ಮನೆಯವರ ಜೊತೆ ಅರಿಜೋನದ ನಿರ್ಬಂಧ ಶಿಬಿರದಲ್ಲಿ ಕಾಲ ಕಳೆದವರು. 1964ರಲ್ಲಿ ಅವರೊಂದು ಪುಟ್ಟ ತಟ್ಟೆ ಮಾಡಿದರು. ಪಡ್ಡಿನ ಹೆಂಚನ್ನು ಅಂಗೈಯಷ್ಟಕ್ಕೆ ಕುಗ್ಗಿಸಿ ಗುಳಿಗಳನ್ನು ಜಾಸ್ತಿ ಮಾಡಿದರೆ ಹೇಗೋ ಹಾಗೆ. ಒಂದೊಂದು ಗುಳಿಗೂ ಕಣ್ಣಿಗೆ ಕಾಣಿಸೀತೋ ಇಲ್ಲವೋ ಅನ್ನುವಷ್ಟು ಸೀರಮ್ (ರಕ್ತ ಹೆಪ್ಪುಗಟ್ಟಿದಾಗ ಉಳಿಯುವ ತಿಳಿ ದ್ರವ) ಸಾಕು. ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ಸೀರಮ್‌ನಲ್ಲಿ ಹಾಕಿ ನೋಡುವುದು. ಕಣಗಳು ಸತ್ತರೆ, ರೋಗಿಯ ರಕ್ತದಲ್ಲಿ ಆ ದಾನಿಯ ವಿರುದ್ಧ ಆಂಟಿಬಾಡಿಗಳು ಮೊದಲೇ ಕಾದು ಕೂತಿವೆ ಅಂತ ಅರ್ಥ. ಇದಕ್ಕೆ ಕ್ರಾಸ್‌ಮ್ಯಾಚ್ ಅನ್ನುತ್ತಾರೆ. 1969ರಲ್ಲಿ ತೆರಾಸಾಕಿ ತಂಡ ಲೆಕ್ಕ ಕೊಟ್ಟಿತು: ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕೂಡಲೇ ಕೆಟ್ಟವು. ನೆಗೆಟಿವ್ ಇದ್ದ 195ರಲ್ಲಿ ಹಾಗೆ ಕೆಟ್ಟಿದ್ದು 8 ಮಾತ್ರ. ಇಂಥ ಲೆಕ್ಕದ ಮೇಲೆ ವಾದ ಮಾಡುವುದು ಕಷ್ಟ ಅಲ್ವಾ? ಅಲ್ಲಿಂದ ಮುಂದೆ ಲ್ಯಾಬಿನ ಒಪ್ಪಿಗೆ ಇಲ್ಲದೆ ಆಪರೇಷನ್ ಥಿಯೇಟರಿನ ಬಾಗಿಲು ತೆರೆಯುವುದು ನಿಂತಿತು.

ಆ ಆಂಟಿಬಾಡಿಗಳು ಎಲ್ಲಿಂದ ಬರುತ್ತವೆ? ಹಿಂದೆ ಹಾಕಿಸಿಕೊಂಡ ರಕ್ತದಿಂದ, ಹಿಂದಿನ ಕಸಿಯಿಂದ, ಬಸಿರಿನಿಂದ. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಗುರುತು ಅಪ್ಪನದು. ತಾಯಿಯ ದೇಹ ಅದನ್ನು ನೆನಪಿಟ್ಟುಕೊಂಡಿರಬಹುದು. ಹೀಗಾಗಿ ಗಂಡ ಪ್ರೀತಿಯಿಂದ ಕಿಡ್ನಿ ಕೊಡಲು ಮುಂದೆ ಬಂದರೂ, ಮಕ್ಕಳ ತಾಯಿಯಾದ ಹೆಂಡತಿಗೆ ಅದು ಕೆಲವೊಮ್ಮೆ ಒಗ್ಗುವುದಿಲ್ಲ. ಇನ್ನೂ ಒಂದು ಮಾತು: ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡತಿಯರು. ಇದಕ್ಕೆ ಯಾವ ಲ್ಯಾಬಿನಲ್ಲೂ ಕಾರಣ ಸಿಗುವುದಿಲ್ಲ.

ಭಾರತದಲ್ಲಿ ಯಶಸ್ವಿ ಕಿಡ್ನಿ ಕಸಿ ಅಂತ ಹೆಸರಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಅಲ್ಲಿಯೂ ಸರ್ಜನ್ ಮೋಹನ್ ರಾವ್ ಅವರ ಪಕ್ಕದಲ್ಲಿ ನೆಫ್ರಾಲಜಿಸ್ಟ್ ಕೆ.ವಿ. ಜಾನಿ ಇದ್ದರು. ಈಗ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲೂ ಕಸಿ ನಡೆಯುತ್ತದೆ. ಆಪರೇಷನ್ ಕೆಲವು ಗಂಟೆಗಳ ಕೆಲಸ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ಇದ್ದಲ್ಲೇ ಬಿಟ್ಟು, ಹೊಸದನ್ನು ಕೆಳಹೊಟ್ಟೆಯ ಪಕ್ಕದಲ್ಲಿ ಕೂರಿಸಿ, ಕಾಲಿನ ಕಡೆ ಹೋಗುವ ರಕ್ತನಾಳಕ್ಕೆ ಜೋಡಿಸುತ್ತಾರೆ.

ಅಲ್ಲಿಂದ ಆಚೆಗೆ ರೋಗಿಯ ಕೈ ಹಿಡಿಯುವವರು ನೆಫ್ರಾಲಜಿಸ್ಟ್. ಈ ಜೊತೆ ವರ್ಷಗಟ್ಟಲೆಯದು. ಟ್ಯಾಕ್ರೋಲಿಮಸ್ ರಕ್ತದಲ್ಲಿ ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಜಾಸ್ತಿಯಾದರೆ ಆ ಔಷಧವೇ ಕಿಡ್ನಿಯನ್ನು ಹಾಳು ಮಾಡುತ್ತದೆ. ಅದಕ್ಕೇ ಬೆಳಗಿನ ಮಾತ್ರೆ ನುಂಗುವ ಮೊದಲು ಪರೀಕ್ಷೆಗೆ ರಕ್ತ ಕೊಡಬೇಕು. ಚಕ್ಕೋತ ತಿನ್ನಬೇಡಿ ಅನ್ನುತ್ತಾರೆ, ಯಾಕೆಂದರೆ ಅದರಲ್ಲಿರುವ ಕೆಲವು ಅಂಶಗಳು ದೇಹ ಔಷಧವನ್ನು ಒಡೆದುಹಾಕುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ. ದೇವನಹಳ್ಳಿ ಕಡೆಯವರಿಗೆ ಇದು ಬೇಜಾರಿನ ಸುದ್ದಿಯೇ. ಕ್ಷಯ ಬಂದರಂತೂ ಕಷ್ಟ ಇಮ್ಮಡಿ. ಪ್ರತಿರೋಧ ತಗ್ಗಿದ ಮೈಯಲ್ಲಿ ಅದು ಸುಲಭವಾಗಿ ತಲೆ ಎತ್ತುತ್ತದೆ. ಅದಕ್ಕೆ ಕೊಡುವ ರಿಫಾಂಪಿಸಿನ್, ಟ್ಯಾಕ್ರೋಲಿಮಸ್ಸನ್ನು ದೇಹ ಬೇಗ ಬೇಗ ಒಡೆದುಹಾಕುವಂತೆ ಮಾಡುತ್ತದೆ. ಸೋಂಕಿನ ತಜ್ಞರೂ ನೆಫ್ರಾಲಜಿಸ್ಟೂ ಒಟ್ಟಿಗೆ ಕೂತು ಲೆಕ್ಕ ಹಾಕದಿದ್ದರೆ, ಕ್ಷಯ ವಾಸಿಯಾಗಿ ಕಿಡ್ನಿ ಹೋಗಬಹುದು.

ಒಂದು ದಿನ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಏರಿತು ಅಂದುಕೊಳ್ಳಿ. ನಿರಾಕರಣೆ ಇರಬಹುದು. ಔಷಧ ಜಾಸ್ತಿಯಾಗಿರಬಹುದು. ಮೂತ್ರನಾಳ ಕಟ್ಟಿರಬಹುದು. ಹಳೆಯ ಕಾಯಿಲೆಯೇ ಹೊಸ ಕಿಡ್ನಿಗೆ ಮರಳಿರಬಹುದು. ಎಂಟು ವರ್ಷದ ನಂತರ ರಿಚರ್ಡ್ ಹೆರಿಕ್ ತೀರಿಕೊಂಡಾಗ ಆದದ್ದು ಹಾಗೆಯೇ. ಬಿಕೆ ವೈರಸ್ ಕೂಡ ಇರಬಹುದು. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸುಮ್ನೆ ಮಲಗಿರುವ ಈ ವೈರಸ್ಸಿಗೆ ಕಸಿಯಾದ ರೋಗಿಯೊಬ್ಬನ ಹೆಸರಿನ ಮೊದಲಕ್ಷರಗಳನ್ನೇ ಇಟ್ಟಿದ್ದಾರೆ. ನಿರಾಕರಣೆಯಾದರೆ ಪ್ರತಿರೋಧ ತಗ್ಗಿಸುವ ಔಷಧ ಏರಿಸಬೇಕು, ಬಿಕೆ ಆದರೆ ಇಳಿಸಬೇಕು. ಚಿಕಿತ್ಸೆ ಪೂರ್ತಿ ಉಲ್ಟಾ! ಸೂಕ್ಷ್ಮದರ್ಶಕದಲ್ಲಿ ಎರಡೂ ಸುಮಾರಾಗಿ ಒಂದೇ ಥರ ಕಾಣುವುದುಂಟು. ಸೂಜಿಯಿಂದ ತೆಗೆದ ಎಳೆಯಷ್ಟು ತುಣುಕಿಗೆ ವಿಶೇಷ ಬಣ್ಣ ಹಾಕಿ, ಇದು ವೈರಸ್ಸೋ ಅಲ್ಲವೋ ಅಂತ ಹೇಳುವವರು ಪೆಥಾಲಜಿಸ್ಟ್. ಒಂದೂರಿನವರು ಓದಿದ್ದು ಇನ್ನೊಂದೂರಿನವರಿಗೆ ಹೊಂದಬೇಕು ಅಂತ 1991ರಲ್ಲಿ ಕೆನಡಾದ ಬ್ಯಾನ್ಫ್ ಅನ್ನುವ ಬೆಟ್ಟದೂರಿನಲ್ಲಿ ಕಿಮ್ ಸೋಲೆಜ್, ಲೊರೇನ್ ರಾಕುಸೆನ್ ಮೊದಲಾದವರು ಸೇರಿ ಅಂಕ ಕೊಡುವ ಪದ್ಧತಿ ಮಾಡಿದರು. ಬೆಂಗಳೂರಿನ ಬಯಾಪ್ಸಿ ರಿಪೋರ್ಟಿನಲ್ಲೂ ಆ ಊರಿನ ಹೆಸರು ಇರುತ್ತದೆ. ರೋಗಿ ಮಾತ್ರ ಈ ಪೆಥಾಲಜಿಸ್ಟ್ ಮುಖವನ್ನು ನೋಡಿರುವುದಿಲ್ಲ.

ಮಿದುಳು ಸತ್ತವರ ಅಂಗದಾನದಲ್ಲಿ ಮತ್ತೊಂದು ಗುಂಪು ಬೇಕು. ನಮ್ಮ ದೇಶದ 1994ರ ಅಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಾವನ್ನು ಖಚಿತಪಡಿಸಬೇಕು. ಕಸಿ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ಐಸಿಯು ಹೊರಗೆ ಅಳುತ್ತಾ ಕೂತ ಮನೆಯವರ ಹತ್ತಿರ ಹೋಗಿ ಮಾತಾಡುವವರು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ಕರ್ನಾಟಕದಲ್ಲಿ ಕಾಯುವವರ ಪಟ್ಟಿ ನೋಡಿ ಅಂಗ ಹಂಚುವುದು ಜೀವಸಾರ್ಥಕತೆ ಸಂಸ್ಥೆಯ ಕೆಲಸ.

ತಂಡ ಇನ್ನೂ ಬೆಳೆಯುತ್ತಿದೆ. 2024ರ ಮಾರ್ಚ್‌ನಲ್ಲಿ ಬಾಸ್ಟನ್ನಿನದೇ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬದುಕಿರುವ ರೋಗಿಯೊಬ್ಬರಿಗೆ ಹಂದಿಯ ಕಿಡ್ನಿ ಕೂರಿಸಿದರು. ಆ ಹಂದಿಯ ಜೀನ್‌ಗಳಲ್ಲಿ 69 ಬದಲಾವಣೆ ಮಾಡಿದ್ದರು: ಮನುಷ್ಯನ ದೇಹ ಕೂಡಲೇ ಗುರುತು ಹಿಡಿಯುವ ಸಕ್ಕರೆಗಳನ್ನು ಮಾಡುವ 3 ಜೀನ್ ತೆಗೆದು, ಮನುಷ್ಯನ 7 ಸೇರಿಸಿ, ಹಂದಿಯ ಜೀನ್‌ಗಳೊಳಗೆ ಅಡಗಿದ್ದ ವೈರಸ್ಸಿನ 59 ಪ್ರತಿಗಳನ್ನು ಕೆಡಿಸಿದ್ದರು. ಜೀನ್ ತಿದ್ದುವವರು, ಪಶುವೈದ್ಯರು, ವೈರಸ್ ತಜ್ಞರು ಎಲ್ಲ ಈಗ ಈ ಕೆಲಸದ ಒಳಗೆ ಬಂದಿದ್ದಾರೆ. ರೋಗಿ ಸುಮಾರು ಎರಡು ತಿಂಗಳ ನಂತರ ತೀರಿಕೊಂಡರು. ಅದಕ್ಕೆ ಕಸಿ ಕಾರಣ ಅನ್ನಲು ಯಾವ ಸೂಚನೆಯೂ ಇಲ್ಲ ಅಂತ ಆಸ್ಪತ್ರೆ ಹೇಳಿತು. ಆಮೇಲೂ ಕೆಲವರಿಗೆ ಹಂದಿಯ ಕಿಡ್ನಿ ಹಾಕಿದ್ದಾರೆ. ಅಷ್ಟೆಲ್ಲ ಜೀನ್ ತಿದ್ದಿದ ಮೇಲೂ ಪ್ರತಿರೋಧ ತಗ್ಗಿಸುವ ಔಷಧ ಈ ರೋಗಿಗಳಿಗೆ ತಪ್ಪಿಲ್ಲ.