ಜೈಲು ಶಿಕ್ಷೆ ಮೊದಲಿನಿಂದಲೂ ಇತ್ತಾ?

ಪ್ರಶ್ನೆ: ತಪ್ಪು ಮಾಡಿದವರನ್ನು ಇಷ್ಟು ವರ್ಷ ಅಂತ ಜೈಲಿಗೆ ಹಾಕುವುದು ಯಾವ ಕಾಲದಿಂದ ಬಂತು?

ಉತ್ತರ: ಸೆರೆಮನೆ ತುಂಬಾ ಹಳೆಯದು. ಆದರೆ ಅಲ್ಲಿ ವರ್ಷಗಟ್ಟಲೆ ಇರುವುದನ್ನೇ ಮುಖ್ಯ ಶಿಕ್ಷೆ ಮಾಡಿಕೊಂಡದ್ದು ಈಚೆಗೆ, ಸುಮಾರು 250 ವರ್ಷಗಳಿಂದ.

18ನೇ ಶತಮಾನದ ಇಂಗ್ಲೆಂಡನ್ನೇ ನೋಡಿ. ಜೈಲಿನಲ್ಲಿ ಇರುತ್ತಿದ್ದವರಲ್ಲಿ ಹೆಚ್ಚಿನವರು ವಿಚಾರಣೆಗೆ ಕಾಯುವವರು, ಸಾಲ ತೀರಿಸಲಾಗದವರು. ಶಿಕ್ಷೆ ಅಂದರೆ ಛಡಿಯೇಟು, ಬರೆ, ಗಲ್ಲು. ಇಲ್ಲವೇ ಹಡಗು ಹತ್ತಿಸಿ ಅಮೆರಿಕಕ್ಕೆ ಸಾಗಹಾಕುವುದು. 1775ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಆ ದಾರಿಯೂ ಮುಚ್ಚಿತು.

ಅದಕ್ಕೂ ಸ್ವಲ್ಪ ಮೊದಲು, 1773ರಲ್ಲಿ, ಜಾನ್ ಹೊವಾರ್ಡ್ ಎಂಬುವನು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಕೌಂಟಿಗೆ (ಜಿಲ್ಲೆಗೆ) ಷೆರೀಫ್ ಆಗಿ ಬಂದ; ಜೈಲಿನ ಹೊಣೆಯೂ ಆ ಅಧಿಕಾರಿಯದೇ. ಅಲ್ಲಿನ ಜೈಲರ್‌ಗೆ ಸಂಬಳವೇ ಇರಲಿಲ್ಲ, ಕೈದಿಗಳೇ ಶುಲ್ಕ ಕೊಡಬೇಕಿತ್ತು. ಕೋರ್ಟು ನಿರಪರಾಧಿ ಎಂದು ಬಿಟ್ಟವರೂ ಆ ದುಡ್ಡು ಕಟ್ಟಲಾಗದೆ ಒಳಗೇ ಕೊಳೆಯುತ್ತಿದ್ದರು! ಜೈಲರ್‌ಗೆ ಸಂಬಳ ಕೊಡಿ ಎಂದು ಅವನು ಹೇಳಿದರೆ, ಬೇರೆ ಕಡೆ ಹಾಗೆ ಕೊಡುತ್ತಾರಾ ಎಂದು ಕೌಂಟಿಯ ಮ್ಯಾಜಿಸ್ಟ್ರೇಟರು ಕೇಳಿದರು. ಹೊವಾರ್ಡ್ ಹುಡುಕಿಕೊಂಡು ಅಕ್ಕಪಕ್ಕದ ಕೌಂಟಿಗಳಿಗೆ ಹೊರಟ. ಹೋದಲ್ಲೆಲ್ಲ ಅದೇ ಕಥೆ. ಅವನ ವರದಿ 1777ರಲ್ಲಿ ಅಚ್ಚಾಯಿತು.

ಇತ್ತ ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ಒಂದು ಮಾತು ಎತ್ತಿದ್ದ: ಶಿಕ್ಷೆ ಘೋರವಾಗಿರಬೇಕಿಲ್ಲ, ತಪ್ಪಿಸಿಕೊಳ್ಳಲು ಆಗದಂತಿದ್ದರೆ ಸಾಕು. ಅಪರಾಧ ಎಷ್ಟೋ ಶಿಕ್ಷೆಯೂ ಅಷ್ಟೇ ಇರಲಿ. ನನ್ನ ಪ್ರಕಾರ ಜೈಲು ಗೆದ್ದದ್ದು ಇಲ್ಲೇ. ಗಲ್ಲನ್ನು ಅರ್ಧ ಮಾಡಲಾಗುವುದಿಲ್ಲ, ವರ್ಷಗಳನ್ನು ಮಾಡಬಹುದು.

ಇನ್ನು, ಜೈಲು ಮನುಷ್ಯನನ್ನು ತಿದ್ದುತ್ತದೆ ಅನ್ನುವ ಆಸೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಜೈಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಮೇಲೊಂದು ಬೆಳಕಿಂಡಿ, ಓದಲು ಬೈಬಲ್. ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು, ಯಾರ ಮುಖವೂ ಕಾಣದ ಹಾಗೆ. ಒಂಟಿಯಾಗಿ ಕೂತರೆ ಪಶ್ಚಾತ್ತಾಪ ತಾನಾಗಿ ಬರುತ್ತದೆ ಎಂಬ ಲೆಕ್ಕ. ಕಟ್ಟಿಸಿದವರದು ಒಳ್ಳೆಯ ಮನಸ್ಸೇ, ಸಂಶಯವಿಲ್ಲ. ಆದರೆ 1842ರಲ್ಲಿ ಅದನ್ನು ನೋಡಿದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಇದು ಮೈಗೆ ಕೊಡುವ ಹಿಂಸೆಗಿಂತ ಕೆಟ್ಟದ್ದು ಎಂದು ಬರೆದ. ಕೈದಿಗಳು ಜಾಸ್ತಿಯಾದಂತೆ ಒಂದೇ ಕೋಣೆಗೆ ಇಬ್ಬರು ಮೂವರನ್ನು ಹಾಕಬೇಕಾಯಿತು. 1913ರಲ್ಲಿ ಒಂಟಿಯಾಗಿಡುವ ಪದ್ಧತಿಯನ್ನು ಅಲ್ಲಿ ಅಧಿಕೃತವಾಗಿ ಕೈಬಿಟ್ಟರು. ಜೈಲು ಮಾತ್ರ 1971ರವರೆಗೂ ನಡೆಯಿತು.