20 ಎಚ್‌ಪಿಯಲ್ಲಿ ಇಬ್ಬರು ಹಾರಿದ್ದು ಹೇಗೆ?

ಬುಲೆಟ್ 350 ಬೈಕಿನ ಎಂಜಿನ್ ಸುಮಾರು 20 ಎಚ್‌ಪಿ ಕೊಡುತ್ತದೆ. ಅಷ್ಟೇ ಶಕ್ತಿಯಲ್ಲಿ ಇಬ್ಬರನ್ನು ಹೊತ್ತು ವಿಮಾನ ಹಾರುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ? ಜರ್ಮನಿಯ ಎಲ್ 20 ವಿಮಾನ 1924ರಲ್ಲೇ ಅದನ್ನು ಮಾಡಿ ತೋರಿಸಿತು.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ವಾಯುಪಡೆ ಇಟ್ಟುಕೊಳ್ಳುವಂತಿರಲಿಲ್ಲ. ಕೆಲಕಾಲ ವಿಮಾನ ಕಟ್ಟುವುದೇ ನಿಂತಿತ್ತು. 1922ರಲ್ಲಿ ಅವಕಾಶ ಸಿಕ್ಕಿತು, ಆದರೆ ವೇಗ, ಎತ್ತರ, ಹೊರುವ ಭಾರ ಎಲ್ಲಕ್ಕೂ ಕಟ್ಟು. ಹಾರುವ ಹುಚ್ಚು ಹಿಡಿದ ಹುಡುಗರು ರೋನ್ ಬೆಟ್ಟಗಳಿಂದ ಗ್ಲೈಡರ್ ಹಾರಿಸತೊಡಗಿದರು. ಎಂಜಿನ್ ಇಲ್ಲದೆ ಗಾಳಿಯಲ್ಲಿ ನಿಲ್ಲಬೇಕಾದರೆ ರೆಕ್ಕೆ ಉದ್ದ ಇರಬೇಕು, ಮೈ ಹಗುರ ಇರಬೇಕು.

ಡೈಮ್ಲರ್ ಕಂಪನಿಯ ಎಂಜಿನಿಯರ್ ಹಾನ್ಸ್ ಕ್ಲೆಮ್ ಹಿಡಿದದ್ದು ಇದೇ ದಾರಿ. ಮೊದಲು ಮೋಟಾರ್‌ಸೈಕಲ್ ಎಂಜಿನ್ ಹಾಕಿ ಪುಟ್ಟ ವಿಮಾನ ಹಾರಿಸಿ ನೋಡಿದರು. ಆಮೇಲೆ ಬಂದದ್ದೇ ಎಲ್ 20. ಮರದ ಚೌಕಟ್ಟು, ತೆಳು ಪ್ಲೈವುಡ್ ಹೊದಿಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ತೆರೆದ ಸೀಟು. ರೆಕ್ಕೆ ಮಾತ್ರ ಈ ತುದಿಯಿಂದ ಆ ತುದಿಗೆ ಸುಮಾರು 13 ಮೀಟರ್. ರೆಕ್ಕೆ ಉದ್ದವಿದ್ದರೆ ವಿಮಾನವನ್ನು ಎತ್ತಿ ಹಿಡಿಯುವಾಗ ಗಾಳಿ ಅದನ್ನು ಹಿಂದಕ್ಕೆ ಎಳೆಯುವುದು ಕಡಿಮೆ. ಹಾಗಾಗಿ ಎರಡು ಸಿಲಿಂಡರಿನ ಸಣ್ಣ ಎಂಜಿನ್ನೇ ಸಾಕಾಯಿತು. ಆ ಕಾಲಕ್ಕೆ ಎಲ್ಲರೂ ಜಾಸ್ತಿ ಎಚ್‌ಪಿ ಬೇಕು ಅನ್ನುತ್ತಿದ್ದಾಗ ಕ್ಲೆಮ್ ಭಾರ ಇಳಿಸುವ ಕಡೆ ನೋಡಿದರು. ನನಗೆ ಅವರು ಇಷ್ಟವಾಗುವುದು ಇದಕ್ಕೇ.

1926ರಲ್ಲಿ ನಿರ್ಬಂಧಗಳು ಸಡಿಲವಾದವು. ಅದೇ ವರ್ಷ ಕ್ಲೆಮ್ ಬೋಬ್ಲಿಂಗನ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದರು. 1928ರ ಆಗಸ್ಟ್‌ನಲ್ಲಿ 22ರ ಹುಡುಗ ಕೋನಿಗ್-ವಾರ್ಥೌಸನ್ ಎಲ್ 20 ಹತ್ತಿ ಬರ್ಲಿನ್‌ನಿಂದ ಮಾಸ್ಕೋಗೆ ಹೊರಟ. ಅಲ್ಲಿಗೇ ನಿಲ್ಲಲಿಲ್ಲ. ಪರ್ಷಿಯಾ (ಈಗಿನ ಇರಾನ್), ಭಾರತ, ಸಿಯಾಮ್ (ಈಗಿನ ಥಾಯ್ಲೆಂಡ್) ದಾಟಿ ಸಿಂಗಾಪುರದವರೆಗೂ ಹಾರಿದ. ಸಮುದ್ರ ಅಡ್ಡ ಬಂದಲ್ಲಿ ವಿಮಾನವನ್ನು ಹಡಗಿಗೆ ಏರಿಸಿದ. ಹೀಗೇ 1929ರಲ್ಲಿ ಭೂಮಿ ಸುತ್ತಿ ಊರು ಸೇರಿದ. ಒಂಟಿ ಹುಡುಗ, 20 ಎಚ್‌ಪಿ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಷ್ಟರಲ್ಲಿ ಎಲ್ 20ರ ತಮ್ಮ ಎಲ್ 25 ಮಾರುಕಟ್ಟೆಗೆ ಬಂದಿತ್ತು. ರೂಪ ಬಹುತೇಕ ಅದೇ, ಎಂಜಿನ್ ಮಾತ್ರ ಗಿರಾಕಿಗೆ ಬೇಕಾದ್ದು. 600ಕ್ಕೂ ಹೆಚ್ಚು ತಯಾರಾದವು. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಕಲಿಯುವವರು ಇದರಲ್ಲೇ ಕಲಿತರು. ಅಮೆರಿಕದ ಏರೋಮರೀನ್ ಕಂಪನಿಯೂ ಲೈಸೆನ್ಸ್ ಪಡೆದು ತನ್ನಲ್ಲೇ ಕಟ್ಟಿ ಮಾರಿತು.